ಪುಣೆಯಲ್ಲಿ ‘ಆಗೋದಿಲ್ಲ’ ಎಂದವರ ಚರಿತ್ರೆ

ಪುಣೆಯವರಿಗೆ ‘ಇಲ್ಲ’ ಅನ್ನುವುದನ್ನು ಯಾರೂ ಕಲಿಸಿಕೊಡಬೇಕಿಲ್ಲ. ಸದಾಶಿವ ಪೇಠೆಯ ಗೇಟುಗಳ ಮೇಲೆ, ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ, ವಾಡೆಗಳ ಮೆಟ್ಟಿಲ ಪಕ್ಕದಲ್ಲಿ ತೂಗುಬಿದ್ದಿರುವ ‘ಪುಣೇರಿ ಪಾಟಿ’ಗಳು ಇಡೀ ಮಹಾರಾಷ್ಟ್ರದಲ್ಲಿ ಹೆಸರುವಾಸಿ. ಇಲ್ಲಿ ಗಾಡಿ ನಿಲ್ಲಿಸಿದರೆ ಗಾಳಿ ಬಿಡಲಾಗುವುದು, ಇಲ್ಲಿ ವಿಳಾಸ ಕೇಳಬೇಡಿ, ಬೆಲ್ ಒಂದೇ ಸಲ ಒತ್ತಿ, ಎಂಬ ಧಾಟಿಯ ಫಲಕಗಳು. ಚಿತಳೆ ಬಂಧುಗಳ ಮಿಠಾಯಿ ಅಂಗಡಿ ದಶಕಗಟ್ಟಲೆ ಮಧ್ಯಾಹ್ನ 1ರಿಂದ 4ರವರೆಗೆ ಬಾಗಿಲು ಹಾಕುತ್ತಿತ್ತು. ಬಾಕರವಡಿಗೆಂದು ಬಿಸಿಲಲ್ಲಿ ಬಂದ ಗಿರಾಕಿ ಅಂಗಡಿಗಾಗಿ ಕಾಯಬೇಕಿತ್ತು, ಅಂಗಡಿ ಗಿರಾಕಿಗಾಗಿ ಕಾಯುತ್ತಿರಲಿಲ್ಲ.

ಅದೇ ಊರಿನ ಪಶ್ಚಿಮದಂಚಿಗೆ, ಹಿಂಜವಡಿಯ ಐಟಿ ಪಾರ್ಕಿಗೆ ಹೋದರೆ ಮಾತಿನ ಹದವೇ ಬೇರೆ. ಸೋಮವಾರ ಬೆಳಿಗ್ಗೆ ಮೀಟಿಂಗ್ ರೂಮಿನ ಪರದೆಯ ಮೇಲೆ ಒಂದು ಎಕ್ಸೆಲ್ ಹಾಳೆ. ಒಂದೊಂದು ಕೆಲಸದ ಮುಂದೆ ಒಂದೊಂದು ಬಣ್ಣ: ಸರಿಯಾಗಿ ನಡೆದಿದ್ದರೆ ಹಸಿರು, ಅನುಮಾನವಿದ್ದರೆ ಹಳದಿ, ಕೈಮೀರಿದ್ದರೆ ಕೆಂಪು. ಮ್ಯಾನೇಜರ್ ಕೇಳುತ್ತಾರೆ, “ಶುಕ್ರವಾರದೊಳಗೆ ಆಗುತ್ತಲ್ಲ?” ಕೊಥ್ರೂಡಿನ ಹುಡುಗ ‘ಹೋಊನ್ ಜಾಈಲ್’ ಎನ್ನುತ್ತಾನೆ. ಕಾನ್ಪುರದವನು ‘ಹೋ ಜಾಯೇಗಾ ಸರ್’ ಎನ್ನುತ್ತಾನೆ. ಬೆಳಗಾವಿಯಿಂದ ಬಂದವಳು ಮನಸ್ಸಿನಲ್ಲಿ ‘ಆಗ್ತದ ಬಿಡ್ರಿ’ ಅಂದುಕೊಂಡು ಬಾಯಲ್ಲಿ ‘ಯೆಸ್’ ಎನ್ನುತ್ತಾಳೆ. ಮೂವರಿಗೂ ಗೊತ್ತು, ಶುಕ್ರವಾರ ಆಗುವುದಿಲ್ಲ. ಹಾಳೆ ಮಾತ್ರ ಹಸಿರಾಗಿಯೇ ಉಳಿಯುತ್ತದೆ. ಇಂಥ ವರದಿಗೆ ಐಟಿಯವರ ನಡುವೆ ‘ಕಲ್ಲಂಗಡಿ’ ಎಂಬ ಅಡ್ಡಹೆಸರಿದೆ. ಹೊರಗೆ ಹಸಿರು, ಕೊಯ್ದರೆ ಒಳಗೆಲ್ಲ ಕೆಂಪು.

ಶೇಕಡ 90 ಮುಗಿದಿದೆ ಎಂದು ವಾರಗಟ್ಟಲೆ ಹೇಳಿಸಿಕೊಳ್ಳುವ ಕೆಲಸ ಈ ವೃತ್ತಿಯಲ್ಲಿ ಎಷ್ಟು ಹಳೆಯದೆಂದರೆ, ಅದರ ಬಗ್ಗೆ ಐವತ್ತು ವರ್ಷದ ಹಿಂದೆಯೇ ಪುಸ್ತಕ ಬಂದಿದೆ. ಐಬಿಎಂನಲ್ಲಿ ದೊಡ್ಡದೊಂದು ಆಪರೇಟಿಂಗ್ ಸಿಸ್ಟಂ ಕಟ್ಟಿಸಿ ಸುಸ್ತಾದ ಫ್ರೆಡ್ ಬ್ರೂಕ್ಸ್ 1975ರಲ್ಲಿ ‘ದ ಮಿಥಿಕಲ್ ಮ್ಯಾನ್-ಮಂತ್’ ಬರೆದರು. ತಡವಾದ ಪ್ರಾಜೆಕ್ಟಿಗೆ ಇನ್ನಷ್ಟು ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂಬುದು ಅದರ ಪ್ರಸಿದ್ಧ ತೀರ್ಮಾನ. ಆಮೇಲಿನ ದಶಕಗಳಲ್ಲಿ ಈ ರೋಗಕ್ಕೆ ಬಂದ ಮದ್ದುಗಳೆಷ್ಟೋ. ಅವುಗಳಲ್ಲಿ ಬಹುಪಾಲನ್ನು ಪುಣೆ ಸೇವಿಸಿ ನೋಡಿದೆ, ಕೆಲವನ್ನು ತಾನೇ ಅರೆದಿದೆ. ಯಾವ ಮದ್ದು ನಾಟಿತು, ಯಾವುದು ನಾಟಲಿಲ್ಲ ಎಂದು ಹುಡುಕುತ್ತ ಹೋದರೆ ಪ್ರತಿಸಲವೂ ಒಂದೇ ಜಾಗಕ್ಕೆ ಬಂದು ನಿಲ್ಲಬೇಕಾಗುತ್ತದೆ: ಕೆಳಗಿನವರ ‘ಆಗೋದಿಲ್ಲ’ ಮೇಲಿನವರ ಕಿವಿಗೆ ಬೀಳಲು ದಾರಿಯಿತ್ತೇ?

ಅಂಥ ದಾರಿಯೊಂದು 1974ರಲ್ಲಿ ಪೋಸ್ಟ್ ಕಾರ್ಡಿನ ರೂಪದಲ್ಲಿ ತೆರೆದುಕೊಂಡಿತ್ತು. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಪದವಿ ಮುಗಿಸುತ್ತಿದ್ದ ಸುಧಾ ಕುಲಕರ್ಣಿ, ನೋಟಿಸ್ ಬೋರ್ಡಿನಲ್ಲಿ ಟಾಟಾ ಬಳಗದ ಟೆಲ್ಕೋ ಕಂಪನಿಯ ಜಾಹೀರಾತು ನೋಡಿದರು. ಎಂಜಿನಿಯರುಗಳು ಬೇಕು, ಮಹಿಳೆಯರು ಅರ್ಜಿ ಹಾಕಬೇಕಿಲ್ಲ. ಕೋಪದಲ್ಲಿ ನೇರವಾಗಿ ಜೆ.ಆರ್.ಡಿ. ಟಾಟಾ ಅವರಿಗೇ ಕಾರ್ಡು ಗೀಚಿ ಡಬ್ಬಕ್ಕೆ ಹಾಕಿದರು. ಕೆಲವೇ ದಿನಗಳಲ್ಲಿ ಕಂಪನಿಯ ಖರ್ಚಿನಲ್ಲೇ ಪುಣೆಗೆ ಸಂದರ್ಶನಕ್ಕೆ ಬರುವಂತೆ ತಂತಿ ಬಂತು. ಅವರು ಟೆಲ್ಕೋದ ಮೊದಲ ಮಹಿಳಾ ಎಂಜಿನಿಯರ್ ಆದರು. ಮುಂದೆ ಸುಧಾ ಮೂರ್ತಿಯಾಗಿ ಕನ್ನಡಿಗರ ಮನೆಮಾತಾದ ಅವರ ಈ ಕಥೆಯನ್ನು ಹೆಚ್ಚಿನವರು ಧೈರ್ಯದ ಕಥೆಯಾಗಿ ಓದುತ್ತಾರೆ. ಅದನ್ನು ಸಂಸ್ಥೆಯ ಕಥೆಯಾಗಿಯೂ ಓದಬಹುದು. ಅಷ್ಟು ದೊಡ್ಡ ಕಾರ್ಖಾನೆಯಲ್ಲಿ ಆ ಜಾಹೀರಾತನ್ನು ಬರೆದವರು, ತಿದ್ದಿದವರು, ಸಹಿ ಹಾಕಿದವರು ಹತ್ತಾರು ಜನ ಇದ್ದಿರಬೇಕು. ಇದು ತಪ್ಪು ಎಂಬ ಮಾತು ಮೇಲಕ್ಕೆ ಮುಟ್ಟಲು ಮಾತ್ರ ಹೊರಗಿನ ಹುಡುಗಿಯೊಬ್ಬಳು ಅಂಚೆ ಹಾಕಬೇಕಾಯಿತು.

ಆ ಹೊತ್ತಿಗೆ ಪುಣೆಗೆ ಕಂಪ್ಯೂಟರ್ ಹೊಸದೇನಲ್ಲ. ಬ್ರಿಟನ್ನಿನ ಕಂಪ್ಯೂಟರ್ ಕಂಪನಿಯ ಭಾರತದ ಕವಲಾಗಿ 1963ರಲ್ಲೇ ಇಲ್ಲಿ ‘ಇಂಟರ್‌ನ್ಯಾಷನಲ್ ಕಂಪ್ಯೂಟರ್ಸ್ ಇಂಡಿಯನ್ ಮ್ಯಾನುಫ್ಯಾಕ್ಚರ್’ ಹುಟ್ಟಿತ್ತು. ಊರಿನವರ ಬಾಯಲ್ಲಿ ಐಸಿಐಎಂ. 1973ರ ವಿದೇಶಿ ವಿನಿಮಯ ಕಾಯ್ದೆ ವಿದೇಶಿ ಪಾಲನ್ನು ಶೇಕಡ 40ಕ್ಕೆ ಇಳಿಸಿ ಎಂದಾಗ ಐಬಿಎಂ ಒಪ್ಪಲಿಲ್ಲ. ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಕೈಗಾರಿಕಾ ಮಂತ್ರಿಯಾಗಿದ್ದ ಕಾಲವದು. 1978ರಲ್ಲಿ ಐಬಿಎಂ ಗಂಟುಮೂಟೆ ಕಟ್ಟಿತು, ಬ್ರಿಟಿಷರ ಕಂಪನಿ ಬಗ್ಗಿ ಉಳಿದುಕೊಂಡಿತು. ಹೀಗೆ ಪುಣೆಯ ಕಂಪ್ಯೂಟರ್ ಕೆಲಸ ಬೆಳೆದದ್ದು ಟೆಲ್ಕೋ, ಬಜಾಜ್, ಕಿರ್ಲೋಸ್ಕರ್, ಭಾರತ್ ಫೋರ್ಜ್‌ಗಳ ಶೆಡ್ಡುಗಳ ನೆರಳಿನಲ್ಲಿ. ಶಿಫ್ಟು, ಸೈರನ್ನು, ಸೂಪರ್‌ವೈಸರ್, ಫೋರ್‌ಮನ್. ಮೇಲಿನವರು ಹೇಳಿದ್ದನ್ನು ಕೆಳಗಿನವರು ಮಾಡುವ ಶಿಸ್ತು ಎರಕ ಹೊಯ್ಯಲು ಬೇಕೇ ಬೇಕು. ಸಾಫ್ಟ್‌ವೇರ್ ಬರೆಯುವ ಕೆಲಸಕ್ಕೂ ಅದೇ ಶಿಸ್ತು ಸಾಕು ಎಂದು ಎಲ್ಲರೂ ಬಹಳ ದಿನ ನಂಬಿದ್ದರು.

ಎಪ್ಪತ್ತರ ದಶಕದ ನಡುವಿನಲ್ಲಿ ಪುಣೆಗೆ ಬಂದ ಇನ್ನೊಬ್ಬ ಕನ್ನಡಿಗ ಎನ್.ಆರ್. ನಾರಾಯಣ ಮೂರ್ತಿ. ಜೆ.ಜಿ. ಕೃಷ್ಣಯ್ಯ ಕಟ್ಟಿದ್ದ ಸಿಸ್ಟಮ್ಸ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ದುಡಿದರು, ‘ಸಾಫ್ಟ್ರಾನಿಕ್ಸ್’ ಎಂಬ ಸ್ವಂತ ಕಂಪನಿ ತೆರೆದು ಒಂದೂವರೆ ವರ್ಷಕ್ಕೆಲ್ಲ ಮುಚ್ಚಿದರು, ಪಟ್ನಿ ಕಂಪ್ಯೂಟರ್ಸ್ ಸೇರಿದರು. 1981ರಲ್ಲಿ ಆರು ಜನ ಜೊತೆಗಾರರೊಂದಿಗೆ ಇನ್ಫೋಸಿಸ್ ಶುರುಮಾಡಿದಾಗ ಬಂಡವಾಳ ಪತ್ನಿ ಸುಧಾ ಅವರು ಕೂಡಿಟ್ಟಿದ್ದ 10,000 ರೂಪಾಯಿ. ಟೆಲಿಫೋನಿಗೆ ಅರ್ಜಿ ಹಾಕಿ ಕಾಯಬೇಕು, ಕಂಪ್ಯೂಟರ್ ತರಿಸಲು ದೆಹಲಿಯ ಲೈಸೆನ್ಸಿಗಾಗಿ ಅಲೆಯಬೇಕು. ಕಂಪ್ಯೂಟರೇ ಇಲ್ಲದ ಕಂಪ್ಯೂಟರ್ ಕಂಪನಿ ತನ್ನ ಎಂಜಿನಿಯರುಗಳನ್ನು ಅಮೆರಿಕಕ್ಕೆ, ಮೊದಲ ಗಿರಾಕಿ ಡೇಟಾ ಬೇಸಿಕ್ಸ್ ಕಾರ್ಪೊರೇಷನ್‌ನ ಕೆಲಸಕ್ಕೆ ಕಳಿಸಿತು. 1983ರಲ್ಲಿ ಬೆಂಗಳೂರಿನ ಮೈಕೋ ಕಂಪನಿಯ ಕೆಲಸ ಸಿಕ್ಕಾಗ ಕಂಪನಿ ಬೆಂಗಳೂರಿಗೆ ಹೊರಟಿತು. ಪುಣೆಯವರು ಇಂದಿಗೂ ಈ ಮಾತು ಬಂದರೆ ಕೊಂಚ ಮುಖ ಸಣ್ಣ ಮಾಡುತ್ತಾರೆ.

ಆ ಕಾಲದ ಲೆಕ್ಕಾಚಾರವನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಅಂದಿನ ಭಾರತೀಯ ಸಾಫ್ಟ್‌ವೇರ್ ವ್ಯಾಪಾರವೆಂದರೆ ಬಹುಪಾಲು ಆಳು ಕಳಿಸುವುದು. ತಲೆಗಿಷ್ಟು, ತಿಂಗಳಿಗಿಷ್ಟು. ಹುಡುಗರು ಗಿರಾಕಿಯ ಆಫೀಸಿನಲ್ಲೇ ಕೂತು, ಗಿರಾಕಿಯ ಮ್ಯಾನೇಜರ್ ಹೇಳಿದ್ದನ್ನು ಬರೆಯುತ್ತಿದ್ದರು. ಪ್ರಾಜೆಕ್ಟ್ ತಡವಾದರೆ ಕಳಿಸಿದ ಕಂಪನಿಗೆ ನಷ್ಟವಿಲ್ಲ, ಒಂದು ತಿಂಗಳ ಬಿಲ್ಲು ಜಾಸ್ತಿಯೇ ಬರುತ್ತದೆ. ಪ್ರಾಜೆಕ್ಟ್ ನಡೆಸುವುದು ಯಾರದೋ ತಲೆನೋವು. ಕೆಲಸ ಯಾವಾಗ ಮುಗಿಯುತ್ತದೆಂದು ಮುಂಚಿತವಾಗಿ ತಿಳಿಯುವ ಅಗತ್ಯವೇ ಇಲ್ಲದ ಕಡೆ ಅದನ್ನು ತಿಳಿಯುವ ಅಭ್ಯಾಸ ಬೆಳೆಯುವುದಾದರೂ ಹೇಗೆ? ಆ ಅಭ್ಯಾಸ ಹುಟ್ಟಿದ್ದು ಕೆಲಸ ಊರಿಗೇ ಬಂದ ಮೇಲೆ, ಇಷ್ಟು ದಿನಕ್ಕೆ ಇಷ್ಟು ಹಣಕ್ಕೆ ಮುಗಿಸಿಕೊಡುತ್ತೇವೆಂದು ಬರೆದುಕೊಟ್ಟ ಮೇಲೆ. ಆಗ ತಡವೆಂಬುದು ಸ್ವಂತ ಜೇಬಿನ ವಿಷಯವಾಯಿತು.

ಇನ್ಫೋಸಿಸ್ ಹುಟ್ಟಿದ ವರ್ಷವೇ, 1981ರಲ್ಲಿ, ಟಿಸಿಎಸ್‌ನ ಎಫ್.ಸಿ. ಕೊಹ್ಲಿ ಪುಣೆಯಲ್ಲಿ ಟಾಟಾ ರಿಸರ್ಚ್ ಡೆವಲಪ್‌ಮೆಂಟ್ ಅಂಡ್ ಡಿಸೈನ್ ಸೆಂಟರ್ ತೆರೆದರು. ಹಡಪ್ಸರ್ ಕೈಗಾರಿಕಾ ವಸಾಹತಿನಲ್ಲಿ ಸಂಶೋಧನಾ ಕೇಂದ್ರ. ಐಐಟಿ ಕಾನ್ಪುರದಿಂದ ಬಂದ ಇ.ಸಿ. ಸುಬ್ಬರಾವ್ ಅದರ ನಿರ್ದೇಶಕರು. ಕೊಹ್ಲಿಯವರ ಆಲೋಚನೆ ಎಂಜಿನಿಯರ್‌ನದು. ಮನುಷ್ಯ ಕೈಯಾರೆ ಬರೆದರೆ ತಪ್ಪುತ್ತಾನೆ, ಹಾಗಾದರೆ ಪ್ರೋಗ್ರಾಂ ಬರೆಯುವ ಸಲಕರಣೆಯನ್ನೇ ತಯಾರಿಸೋಣ. ಅಲ್ಲಿನ ಸಂಶೋಧನೆಯಿಂದ ಬೆಳೆದ ‘ಮಾಸ್ಟರ್‌ಕ್ರಾಫ್ಟ್’ ವಿನ್ಯಾಸದಿಂದ ಕೋಡನ್ನು ತಾನೇ ಹೊರಡಿಸುತ್ತಿತ್ತು, ದೊಡ್ಡ ದೊಡ್ಡ ಕೆಲಸಗಳಿಗೆ ಬಳಕೆಯಾಯಿತು. ಸಲಕರಣೆ ತಪ್ಪನ್ನು ತಗ್ಗಿಸುತ್ತದೆ, ನಿಜ. ವಿನ್ಯಾಸವೇ ತಪ್ಪೆಂದು ಗೊತ್ತಿದ್ದೂ ಬಾಯಿ ಮುಚ್ಚಿ ಕೂತವನ ಬಾಯನ್ನು ಅದು ತೆರೆಸಲಾರದು.

ಅದೇ ದಶಕದ ಕೊನೆಗೆ ಪುಣೆ ದೇಶಕ್ಕೇ ಒಂದು ಚಮತ್ಕಾರ ತೋರಿಸಿತು. ಅಮೆರಿಕ ಸೂಪರ್ ಕಂಪ್ಯೂಟರ್ ಕೊಡಲು ಸತಾಯಿಸಿದಾಗ, ನಾವೇ ಕಟ್ಟೋಣವೆಂದು 1988ರಲ್ಲಿ ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಹುಟ್ಟಿತು. ಪುಣೆ ವಿಶ್ವವಿದ್ಯಾಲಯದ ಗಣೇಶಖಿಂಡ ಆವರಣದಲ್ಲಿ ವಿಜಯ್ ಭಟ್ಕರ್ ನೇತೃತ್ವ. ಗಡುವು 3 ವರ್ಷ, ಹಣ ಸುಮಾರು 30 ಕೋಟಿ ರೂಪಾಯಿ. ಒಂದೇ ದೊಡ್ಡ ಪ್ರೊಸೆಸರ್ ಸಿಗದಿದ್ದರೇನಂತೆ, ಮಾರುಕಟ್ಟೆಯಲ್ಲಿ ಸಿಗುವ ‘ಟ್ರಾನ್ಸ್‌ಪ್ಯೂಟರ್’ ಚಿಪ್ಪುಗಳನ್ನೇ ಹತ್ತಾರು ಜೋಡಿಸಿ ಕೆಲಸ ಹಂಚಿಬಿಡೋಣ ಎಂಬುದು ಉಪಾಯ. 1991ರಲ್ಲಿ ‘ಪರಂ 8000’ ಸಿದ್ಧವಾಯಿತು, ಆಮೇಲೆ ರಷ್ಯಾ, ಜರ್ಮನಿಗಳಿಗೂ ಹೋಯಿತು. 

ಹೇಳಿದ ದಿನಕ್ಕೆ ಹೇಳಿದ ಹಣದಲ್ಲಿ ಮುಗಿದ ಸರ್ಕಾರಿ ಪ್ರಾಜೆಕ್ಟ್ ಎಂದರೆ ಇಂದಿಗೂ ಜನ ಪರಂ ಕಡೆ ಬೆರಳು ತೋರಿಸುತ್ತಾರೆ. ತೋರಿಸಲಿ. ಆದರೆ ಅದೊಂದು ದಂಡಯಾತ್ರೆ. ಎದುರಿಗೆ ಅವಮಾನ ಮಾಡಿದ ವೈರಿ ಇದ್ದ, ಒಂದೇ ಗುರಿ ಇತ್ತು, ಹಗಲು ರಾತ್ರಿ ಎನ್ನದ ಹುರುಪಿತ್ತು. ವರ್ಷಕ್ಕೆ ನೂರಾರು ಗಿರಾಕಿಗಳ ಬ್ಯಾಂಕಿನ ಲೆಕ್ಕ, ವಿಮೆಯ ಕಂತು, ಗೋದಾಮಿನ ಪಟ್ಟಿ ಬರೆಯುವ ಕಂಪನಿ ಪ್ರತಿ ಪ್ರಾಜೆಕ್ಟನ್ನೂ ದಂಡಯಾತ್ರೆಯಾಗಿಸಿದರೆ ಸೈನಿಕರು ಉಳಿಯುವುದಿಲ್ಲ. ಈ ವೀರಾವೇಶದ ಚಟ ಪುಣೆ, ಬೆಂಗಳೂರು ಎರಡನ್ನೂ ಬಹಳ ಕಾಡಿದೆ. ಕೊನೆಯ ವಾರ ಆಫೀಸಿನಲ್ಲೇ ಮಲಗಿ ಪ್ರಾಜೆಕ್ಟ್ ಉಳಿಸಿದವನಿಗೆ ಸನ್ಮಾನವಾಗುತ್ತದೆ. ಆರು ವಾರ ಮೊದಲೇ ಇದು ಆಗದು ಎಂದವಳ ಹೆಸರು ಯಾರಿಗೂ ನೆನಪಿರುವುದಿಲ್ಲ.

ಈ ನಡುವೆ ಕೆಲಸ ಊರಿಗೇ ಬರುವ ದಾರಿ ತೆರೆಯಿತು. ಸರ್ಕಾರದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಯೋಜನೆ ಮೊದಲು ತಲೆಯೆತ್ತಿದ ಊರುಗಳು ಬೆಂಗಳೂರು, ಪುಣೆ, ಭುವನೇಶ್ವರ. ಸ್ಯಾಟಲೈಟ್ ಸಂಪರ್ಕ ಬಂತು, ಕೆಲಸ ಸಮುದ್ರ ದಾಟಿ ಇಲ್ಲಿಗೇ ಹರಿಯತೊಡಗಿತು. ಎಲ್ಲಿಯೋ ಕೂತ ಗಿರಾಕಿಗೆ ನಂಬಿಕೆ ಹುಟ್ಟಿಸಬೇಕಲ್ಲ? ಆಗ ಬಂದದ್ದು ಸಿಎಂಎಂ, ‘ಕೆಪಬಿಲಿಟಿ ಮೆಚ್ಯೂರಿಟಿ ಮಾಡೆಲ್’. ಐಬಿಎಂನಲ್ಲಿ 27 ವರ್ಷ ಸವೆಸಿ 1986ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟ್ ಸೇರಿದ ವಾಟ್ಸ್ ಹಂಫ್ರಿ ಇದರ ಮೂಲಪುರುಷ. ಅಮೆರಿಕದ ರಕ್ಷಣಾ ಇಲಾಖೆಗೆ ಯಾವ ಗುತ್ತಿಗೆದಾರನನ್ನು ನಂಬಬಹುದೆಂದು ತಿಳಿಯಬೇಕಿತ್ತು. ಅದಕ್ಕೆ ಈ ಮಾದರಿ ಕೊಟ್ಟದ್ದು ಐದು ಮೆಟ್ಟಿಲು. ಮೊದಲನೆಯದರಲ್ಲಿ ಎಲ್ಲವೂ ದೇವರ ಮೇಲೆ ಭಾರ. ಎರಡನೆಯದರಲ್ಲಿ ಒಮ್ಮೆ ಮಾಡಿದ್ದನ್ನು ಮತ್ತೊಮ್ಮೆ ಮಾಡಬಲ್ಲರು. ಮೂರರಲ್ಲಿ ಇಡೀ ಸಂಸ್ಥೆಗೆ ಒಂದೇ ಪದ್ಧತಿ. ನಾಲ್ಕರಲ್ಲಿ ಅಳತೆ. ಐದರಲ್ಲಿ ಅಳತೆಯಿಂದ ಸುಧಾರಣೆ. ನಾಸಾದ ಸ್ಪೇಸ್ ಶಟಲ್‌ಗೆ ಸಾಫ್ಟ್‌ವೇರ್ ಬರೆದ ಐಬಿಎಂ ತಂಡ ಮೊದಲು ಐದನೆಯದನ್ನು ಏರಿತು. ತೊಂಬತ್ತರ ದಶಕದ ಮೊದಲರ್ಧದಲ್ಲೇ ಅದರ ಹಿಂದೆ ಏರಿದ್ದು ಬೆಂಗಳೂರಿನ ಮೊಟೊರೊಲಾ ಕೇಂದ್ರ. ಆಮೇಲೆ ಭಾರತದ ಕಂಪನಿಗಳಿಗೆ ಐದನೆಯ ಮೆಟ್ಟಿಲೆಂದರೆ ತಿರುಪತಿಯ ಮೆಟ್ಟಿಲಾಯಿತು. ಹೊಸ ಶತಮಾನದ ಆರಂಭಕ್ಕೆ ಜಗತ್ತಿನಲ್ಲಿ ಅದನ್ನು ಏರಿದವರ ಪೈಕಿ ಅರ್ಧಕ್ಕಿಂತ ಹೆಚ್ಚಿನವರು ನಮ್ಮವರೇ.

ಗೋಡೆಗೆ ತೂಗುಹಾಕಿದ ಸರ್ಟಿಫಿಕೇಟನ್ನು ಆಡಿಕೊಳ್ಳುವುದು ಸುಲಭ. ಅದರ ಒಳಗಿದ್ದ ಎರಡು ವಿಚಾರಗಳನ್ನು ಮಾತ್ರ ಆಡಿಕೊಳ್ಳುವಂತಿಲ್ಲ.

ಒಂದು, ಹಳೆಯ ಲೆಕ್ಕ. ಇನ್ಫೋಸಿಸ್‌ನಲ್ಲಿ ಗುಣಮಟ್ಟದ ಹೊಣೆ ಹೊತ್ತವರು ಸ್ಥಾಪಕರಲ್ಲೊಬ್ಬರಾದ ಕೆ. ದಿನೇಶ್. ಐಐಟಿ ಕಾನ್ಪುರದ ಪಂಕಜ್ ಜಲೋಟೆ ತೊಂಬತ್ತರ ದಶಕದಲ್ಲಿ ಎರಡು ವರ್ಷ ಅಲ್ಲಿ ಕೆಲಸ ಮಾಡಿ, ಆ ಕಂಪನಿಯ ಪದ್ಧತಿಗಳ ಬಗ್ಗೆಯೇ ‘ಸಿಎಂಎಂ ಇನ್ ಪ್ರಾಕ್ಟೀಸ್’ ಎಂಬ ಪುಸ್ತಕ ಬರೆದರು. ಅದರಲ್ಲಿ ಎದ್ದು ಕಾಣುವುದು ‘ಪ್ರೋಸೆಸ್ ಡೇಟಾಬೇಸ್’. ಪ್ರತಿ ಪ್ರಾಜೆಕ್ಟ್ ಮುಗಿದಾಗ ಅಂದಾಜು ಎಷ್ಟಿತ್ತು, ನಿಜಕ್ಕೂ ಎಷ್ಟು ಹಿಡಿಯಿತು, ಎಷ್ಟು ಬಗ್ ಎಲ್ಲೆಲ್ಲಿ ಸಿಕ್ಕವು ಎಂದು ಬರೆದಿಡುವ ಕಡತ. ಮುಂದಿನ ಪ್ರಾಜೆಕ್ಟಿನವರು ಅಂದಾಜು ಹಾಕುವ ಮೊದಲು ಅದನ್ನು ತೆರೆದು ನೋಡಬೇಕು. ನೋಡಲು ಇದು ಗುಮಾಸ್ತಿಕೆ. ಆದರೆ 23 ವರ್ಷದ ಹುಡುಗಿ ಹಿರಿಯ ಮ್ಯಾನೇಜರ್ ಮುಂದೆ ‘ಆರು ವಾರದಲ್ಲಿ ಆಗೋದಿಲ್ಲ ಸರ್’ ಎನ್ನಲು ಹೆದರುತ್ತಾಳೆ. ‘ಹೋದ ಸಲ ಇಂಥದ್ದೇ ಕೆಲಸಕ್ಕೆ ಹತ್ತು ವಾರ ಹಿಡಿದಿದೆ, ಕಡತದಲ್ಲಿದೆ’ ಎನ್ನಲು ಅಷ್ಟು ಧೈರ್ಯ ಬೇಕಿಲ್ಲ. ಅವಳು ಹೇಳಲಾರದ್ದನ್ನು ಅಂಕಿ ಹೇಳುತ್ತದೆ.

ಇನ್ನೊಂದು, ಮುಚ್ಚಿದ ಬಾಗಿಲು. ಸಿಎಂಎಂ ಮೌಲ್ಯಮಾಪಕರು ಬಂದಾಗ ಮ್ಯಾನೇಜರುಗಳನ್ನು ಹೊರಗಿಟ್ಟು ಕೋಡು ಬರೆಯುವವರನ್ನೇ ಗುಂಪಾಗಿ ಕೂರಿಸಿ ಕೇಳುತ್ತಿದ್ದರು, ಯಾರು ಏನು ಹೇಳಿದರೆಂದು ಹೊರಗೆ ಬಿಡುತ್ತಿರಲಿಲ್ಲ. ಐಬಿಎಂನ ಮೈಕೆಲ್ ಫೇಗನ್ 1976ರಲ್ಲಿ ಪ್ರಕಟಿಸಿದ ಕೋಡ್ ತಪಾಸಣೆಯಲ್ಲೂ ಇದೇ ಜಾಣ್ಮೆಯಿದೆ. ಸಿಕ್ಕ ತಪ್ಪುಗಳನ್ನು ಬರೆದವನ ಬಡ್ತಿ, ಸಂಬಳದ ಲೆಕ್ಕಕ್ಕೆ ತರಬಾರದು. ತಂದರೆ ತಪ್ಪು ಸಿಗುವುದೇ ನಿಂತುಹೋಗುತ್ತದೆ. ಇದನ್ನು ಬರಹದಲ್ಲಿ ಒಪ್ಪಿದ ಕಂಪನಿಗಳೆಷ್ಟೋ, ಅಪ್ರೈಸಲ್ ದಿನ ಮರೆತವುಗಳೂ ಅಷ್ಟೇ. ಮೌಲ್ಯಮಾಪನಕ್ಕೆ ವಾರ ಮೊದಲು ಹುಡುಗರಿಗೆ ಪ್ರಶ್ನೋತ್ತರ ಹಂಚಿ ಬಾಯಿಪಾಠ ಮಾಡಿಸಿದ್ದು, ಹಿಂದಿನ ತಿಂಗಳ ಮೀಟಿಂಗಿಗೆ ಇಂದು ಮಿನಿಟ್ಸ್ ಬರೆಸಿದ್ದು ಈ ವೃತ್ತಿಯಲ್ಲಿ ಕೂದಲು ನರೆತವರಿಗೆಲ್ಲ ಗೊತ್ತಿರುವ ಗುಟ್ಟು. ಎಸ್ಸೆಸ್ಸೆಲ್ಸಿ ಗೈಡು ಓದಿ ಬೆಳೆದ ನಾಡಿಗೆ ಅದೇನು ಕಷ್ಟ!

ಮೆಟ್ಟಿಲು ಏರಿದರೂ ಬಾಯಿ ಕಟ್ಟಿರಬಹುದು ಎಂಬುದಕ್ಕೆ ಅತ್ಯಂತ ನೋವಿನ ಸಾಕ್ಷಿ ನಾಸಾದಲ್ಲೇ ಇದೆ. ಶಟಲ್‌ನ ಸಾಫ್ಟ್‌ವೇರ್ ಬರೆದವರು ಐದನೆಯ ಮೆಟ್ಟಿಲಿನವರು. 2003ರ ಜನವರಿಯಲ್ಲಿ ಕೊಲಂಬಿಯಾ ಶಟಲ್ ಮೇಲೇರಿದಾಗ ಟ್ಯಾಂಕಿನ ಫೋಮ್ ತುಂಡೊಂದು ಕಳಚಿ ರೆಕ್ಕೆಗೆ ಬಡಿಯಿತು. ರೆಕ್ಕೆಯ ಚಿತ್ರ ತೆಗೆಸಿ ನೋಡೋಣ ಎಂದು ಕೆಳಗಿನ ಎಂಜಿನಿಯರುಗಳು ಕೇಳಿದರು. ಮೇಲಿನವರು ಬೇಡವೆಂದರು. ಫೆಬ್ರುವರಿ 1ರಂದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಮರಳಲಿಲ್ಲ. ಅದೇ ಆಗಸ್ಟಿನಲ್ಲಿ ಬಂದ ತನಿಖಾ ಮಂಡಳಿಯ ವರದಿ, ಈ ಸಾವುಗಳಿಗೆ ಫೋಮ್ ಎಷ್ಟು ಕಾರಣವೋ ಸಂಸ್ಥೆಯ ಸಂಸ್ಕೃತಿಯೂ ಅಷ್ಟೇ ಕಾರಣ ಎಂದಿತು.

ಪುಣೆಗೆ ಮರಳೋಣ. ತೊಂಬತ್ತರ ದಶಕದ ಕೊನೆಗೆ ‘ವೈಟುಕೆ’ ಬಂತು. ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟಿದ್ದ ಹಳೆಯ ಕೋಬಾಲ್ ಪ್ರೋಗ್ರಾಮುಗಳು 2000 ಬಂದೊಡನೆ 1900 ಎಂದು ತಿಳಿಯುವ ಅಪಾಯ. ಲಕ್ಷಗಟ್ಟಲೆ ಸಾಲು ಜಾಲಾಡಿ ತಿದ್ದುವ ಈ ಕೂಲಿ ಕೆಲಸವನ್ನು ಬುದ್ಧಿವಂತರು ಹೀಗಳೆದರು. ಆದರೆ ಅದು ಕಲಿಸಿದ ಪಾಠವೊಂದಿದೆ. 1999ರ ಡಿಸೆಂಬರ್ 31ನ್ನು ಯಾವ ಮ್ಯಾನೇಜರೂ ಮುಂದೂಡಲಾರ. ಗಡುವು ಕದಲದಿದ್ದಾಗ ಉಳಿಯುವ ದಾರಿ ಒಂದೇ, ಎಷ್ಟು ಉಳಿದಿದೆ ಎಂದು ನಿಜ ಹೇಳುವುದು.

ಆ ಗಡುವು ದಾಟಿದ ವರ್ಷವೇ ಐಸಿಐಎಂನ ಹಳೆಯ ಮನೆಗೆ ಹೊಸ ಹೆಸರು ಬಂತು. ಯಂತ್ರ ಕಟ್ಟುತ್ತಿದ್ದ ಕಂಪನಿ 2000ದಲ್ಲಿ ‘ಝೆನ್ಸಾರ್’ ಆಯಿತು. 2001ರಲ್ಲಿ ಗಣೇಶ್ ನಟರಾಜನ್ ಅದರ ಮುಖ್ಯಸ್ಥರಾದರು. ಅವರ ಕಾಲದಲ್ಲಿ ನಡೆದ ಪ್ರಯೋಗ ‘ವಿಷನ್ ಕಮ್ಯುನಿಟಿ’. ಕಂಪನಿ ಮುಂದೆ ಎತ್ತ ಹೋಗಬೇಕೆಂಬ ಚಿಂತೆ ಆರು ಜನ ಹಿರಿಯರ ಕೋಣೆಯಲ್ಲಿ ಮುಗಿಯಬಾರದು ಎಂದು, ಬೇರೆ ಬೇರೆ ಹಂತದ ನೌಕರರ ಗುಂಪುಗಳನ್ನು ಕಟ್ಟಿ ಒಂದೊಂದು ಗುಂಪಿಗೆ ಒಂದೊಂದು ವಿಷಯ ಕೊಟ್ಟರು. ನಿನ್ನೆ ಮೊನ್ನೆ ಸೇರಿದವರೂ ಆಡಳಿತದ ಮುಂದೆ ನಿಂತು ಮಂಡಿಸಬೇಕು. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಇದೊಂದು ಪಾಠವೂ ಆಯಿತು. ಇಂಥ ಗುಂಪುಗಳಿಂದ ಕಂಪನಿಯ ಭವಿಷ್ಯ ಬದಲಾಗುತ್ತದೋ ಇಲ್ಲವೋ, ಒಮ್ಮೆ ಎಂ.ಡಿ. ಎದುರು ಮಾತಾಡಿ ಬಂದವನು ಮರುದಿನ ತನ್ನ ಟೀಮ್ ಲೀಡ್ ಎದುರು ತಡವರಿಸುವುದು ಕಡಿಮೆ. ಸರ್ಟಿಫಿಕೇಟು ಕೊಡದ ಅಭ್ಯಾಸ ಇದು.

ಅತ್ತ 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾದ ಹಿಮದ ಬೆಟ್ಟವೊಂದರ ಮೇಲೆ 17 ಜನ ಸೇರಿ ‘ಅಜೈಲ್’ ಪ್ರಣಾಳಿಕೆ ಬರೆದರು. ಒಂದು ವರ್ಷದ ಯೋಜನೆ ಬೇಡ, ಎರಡು ವಾರದ ತುಂಡು ಸಾಕು. ದಿನಾ ಬೆಳಿಗ್ಗೆ ನಿಂತೇ ಹದಿನೈದು ನಿಮಿಷ ಮಾತು: ನಿನ್ನೆ ಏನು ಮಾಡಿದೆ, ಇಂದು ಏನು ಮಾಡುವೆ, ಏನು ಅಡ್ಡಿ. ಆ 17 ಜನರಲ್ಲಿ ಒಬ್ಬರಾದ ಮಾರ್ಟಿನ್ ಫೌಲರ್ ಕೆಲಸ ಮಾಡುತ್ತಿದ್ದ ಥಾಟ್‌ವರ್ಕ್ಸ್ ಕಂಪನಿ ಬೆಂಗಳೂರಿನಲ್ಲಿ ಶಾಖೆ ತೆರೆಯಿತು, ಮುಂದೆ ಪುಣೆಗೂ ಬಂತು. ಬೆಂಗಳೂರಿನ ಅನುಭವದ ಬಗ್ಗೆ ಫೌಲರ್ ಬರೆದ ಲೇಖನದಲ್ಲಿ ಸಂಸ್ಕೃತಿಯ ಬದಲಾವಣೆಯನ್ನು ಹಗುರವಾಗಿ ಎಣಿಸಬೇಡಿ ಎಂಬ ಎಚ್ಚರಿಕೆಯಿದೆ. ಮೇಲಿನವರ ಅಪ್ಪಣೆಯಂತೆ ನಡೆದು ರೂಢಿಯಾದವರಿಗೆ ಪ್ರಶ್ನೆ ಕೇಳುವುದು, ತೊಡಕನ್ನು ಎತ್ತಿ ಹೇಳುವುದು ಒಂದೇ ದಿನಕ್ಕೆ ಬರುವುದಿಲ್ಲ.

ಅಜೈಲ್‌ನ ಬೇರುಗಳಲ್ಲೊಂದು ಟೊಯೊಟಾದ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ‘ಆಂಡನ್’ ಎಂಬ ಹಗ್ಗವಿದೆ. ಲೈನಿನಲ್ಲಿ ನಿಂತ ಯಾವ ಕಾರ್ಮಿಕನೂ ತಪ್ಪು ಕಂಡರೆ ಎಳೆಯಬಹುದು. ಮೇಲಿನವರು ಓಡಿಬರಬೇಕು, ಸರಿಯಾಗದಿದ್ದರೆ ಲೈನೇ ನಿಲ್ಲುತ್ತದೆ. ಆ ಪದ್ಧತಿಯನ್ನು ಬೆಂಗಳೂರಿನ ಹತ್ತಿರದ ಬಿಡದಿಯ ಟೊಯೊಟಾ ಕಾರ್ಖಾನೆಗೆ ತಂದವರಲ್ಲಿ ಪುಣೆಯ ಕಿರ್ಲೋಸ್ಕರ್ ಮನೆತನವೂ ಒಂದು.   ಹಗ್ಗ ಕಟ್ಟಿದ ಮಾತ್ರಕ್ಕೆ ಎಲ್ಲ ಮಾತೂ ಮೇಲಕ್ಕೆ ಹೋಗುವುದಿಲ್ಲ. ಅದೇ ಬಿಡದಿ ಕಾರ್ಖಾನೆ 2020ರ ನವೆಂಬರಿನಲ್ಲಿ ಕಾರ್ಮಿಕರ ಮುಷ್ಕರ, ಲಾಕೌಟ್ ಎರಡನ್ನೂ ಕಂಡಿತು.

ಹಿಂಜವಡಿಯಲ್ಲೂ ಹೀಗೆಯೇ ಆಗಿದೆ. ಬೆಳಗಿನ ಹದಿನೈದು ನಿಮಿಷ ಎಷ್ಟೋ ಕಡೆ ಹಾಜರಿ ಕೂಗುವ ಶಾಸ್ತ್ರವಾಗಿದೆ. ‘ಅಡ್ಡಿ ಏನೂ ಇಲ್ಲ’ ಎಂಬುದು ‘ಪ್ರೆಸೆಂಟ್ ಸರ್’ ಇದ್ದಂತೆ. ಎರಡು ವಾರದ ತುಂಡುಗಳೂ ಹಸಿರು ಕಲ್ಲಂಗಡಿಯ ಹೋಳುಗಳೇ. ಇನ್ನು ಕೆಲವು ಕಡೆ ವಿಷಯ ಬೇರೆ. ಮ್ಯಾನೇಜರ್ ತಾನೇ ಮೊದಲು ‘ನನ್ನ ಅಂದಾಜು ತಪ್ಪಿತು’ ಎಂದು ಶುರುಮಾಡುತ್ತಾರೆ. ಕೆಂಪು ಬಣ್ಣ ಹಚ್ಚಿದವನಿಗೆ ‘ಯಾಕೆ’ ಎನ್ನುವ ಬದಲು ‘ಏನು ಬೇಕು’ ಎನ್ನುತ್ತಾರೆ. ಎರಡೂ ಕಡೆ ಅದೇ ಸಾಫ್ಟ್‌ವೇರ್, ಅದೇ ಬೋರ್ಡು, ಅದೇ ಹಳದಿ ಚೀಟಿ. ಸುಧಾರಣೆಗೆಂದು ಮಾಡುವ ಖರ್ಚಿನ ಬಹುಪಾಲು ಬೋರ್ಡಿಗೂ ಚೀಟಿಗೂ ಹೋಗುತ್ತದೆ. ‘ಏನು ಬೇಕು’ ಎಂದು ಕೇಳಲು ಖರ್ಚಿಲ್ಲ. ಅದಕ್ಕೇ ಇರಬೇಕು, ಅದನ್ನು ಕಲಿಸುವ ಸಲಹೆಗಾರರು ಕಡಿಮೆ.

ಇನ್ನು ಟೆಲ್ಕೋ. ಅದು 2003ರಲ್ಲಿ ಟಾಟಾ ಮೋಟರ್ಸ್ ಆಯಿತು. 1974ರಲ್ಲಿ ಮಹಿಳೆಯರು ಅರ್ಜಿ ಹಾಕಬೇಕಿಲ್ಲ ಎಂದಿದ್ದ ಕಂಪನಿಯ ಪುಣೆ ಕಾರ್ಖಾನೆಯಲ್ಲಿ ಹ್ಯಾರಿಯರ್, ಸಫಾರಿ ಕಾರುಗಳನ್ನು ಜೋಡಿಸುವ ಇಡೀ ಒಂದು ಲೈನನ್ನು ಹೆಣ್ಣುಮಕ್ಕಳೇ ನಡೆಸುತ್ತಾರೆ. 2022ರಲ್ಲಿ ಆ ಲೈನಿನಲ್ಲಿ ಅವರ ಸಂಖ್ಯೆ ಸುಮಾರು 1,500. ಕಾರ್ಡು ಅಂಚೆಗೆ ಬಿದ್ದು ಆಗಲೇ 48 ವರ್ಷವಾಗಿತ್ತು.